ಭಾವನ ಕಿವಿ

ನಮ್ಮ ಅಕ್ಕನ ಗಂಡನನ್ನು ವಿದ್ಯುತ್ ಕಚೇರಿಯಲ್ಲಿ ಎಲ್ಲರೂ ಕರೆಯುವುದು ‘ಗುಂಯ್ ಮೇಸ್ತ್ರಿ’ ಎಂದು. ಬೀದಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಅಕ್ಕಪಕ್ಕದವರ ನಿದ್ದೆ ಕೆಡಿಸಿದರೆ, ಅದರ ಬಾಯಿ ಮುಚ್ಚಿಸುವುದೇ ಭಾವನ ಕೆಲಸ. ಕರೆಂಟು ತೆಗೆಸಿ ಸಡಿಲ ಬೋಲ್ಟು ಬಿಗಿಯುತ್ತಾರೆ, ಅಡಿಯಲ್ಲಿ ಸವೆದ ರಬ್ಬರ್ ಬದಲಿಸುತ್ತಾರೆ. ಮತ್ತೆ ಕರೆಂಟು ಬಂದಮೇಲೆ ದೂರು ಕೊಟ್ಟವರ ಕೋಣೆಯ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಸದ್ದು ಅಳೆಯುವ ಮೀಟರ್ ಚೀಲದಲ್ಲೇ ತೂಕಡಿಸುತ್ತಿರುತ್ತದೆ. “ಈ ಕಿವಿ ಇರೋವಾಗ ಅದ್ಯಾಕೆ?” ಎಂದು ಮೂಗು ಮುರಿಯುತ್ತಾರೆ. ಜಂಬ ಸ್ವಲ್ಪ ಜಾಸ್ತಿಯೇ; ನಾನು ಮುಖಕ್ಕೇ ಹೇಳಿದ್ದೇನೆ.

ಮೊನ್ನೆ ಮೂಲೆಮನೆಯ ಅಜ್ಜಿಯೊಬ್ಬರು ದೂರು ಕೊಟ್ಟಿದ್ದರು. ಅವರ ಮಲಗುವ ಕೋಣೆಯ ಗೋಡೆಗೆ ಅಂಟಿದಂತೆಯೇ ಟ್ರಾನ್ಸ್‌ಫಾರ್ಮರ್. ನನಗೆ ರಜೆ, ನಾನೂ ಜೊತೆಗೆ ಹೋಗಿದ್ದೆ. ಕೆಲಸ ಮುಗಿಸಿದ ಭಾವ ಕೋಣೆಯಲ್ಲಿ ನಿಂತು, ಕಣ್ಣು ಬಿಟ್ಟು, “ನಿಂತೋಯ್ತು” ಎಂದು ತೀರ್ಪು ಕೊಟ್ಟರು.

“ಎಲ್ಲಪ್ಪಾ ನಿಂತಿದೆ? ಹಂಗೇ ಇದೆಯಲ್ಲ!” ಎಂದರು ಅಜ್ಜಿ.

“ವಯಸ್ಸಾದಮೇಲೆ ಕಿವೀಲಿ ಏನೇನೋ ಕೇಳ್ಸುತ್ತಮ್ಮ.”

ನನಗೆ ತಡೆಯಲಾಗಲಿಲ್ಲ. “ಭಾವ, ನಂಗೂ ಕೇಳಿಸ್ತಿದೆ” ಎಂದೆ. ಅವರು ನನ್ನನ್ನು ನುಂಗುವ ಹಾಗೆ ನೋಡಿದರು.

ಅಜ್ಜಿ ಅಡುಗೆಮನೆಗೆ ಹೋಗಿ, ಲೋಟದ ತುಂಬ ನೀರು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ನೀರಿನ ಮೇಲೆ ಸಣ್ಣ ನಡುಕ. ಭಾವ ಬಗ್ಗಿ ಅದನ್ನೇ ನೋಡುತ್ತಾ ಕೂತುಬಿಟ್ಟರು. ಆಮೇಲೆ ಎದ್ದು ಹೊರಗೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಿಂದ ಬಂದ ಕೇಬಲ್ಲಿನ ಕೊಳವೆಯನ್ನು ಯಾರೋ ಅಜ್ಜಿಯ ಗೋಡೆಗೇ ಬಿಗಿದಿರುವುದನ್ನು ಕಂಡುಹಿಡಿದರು. ಕೊಳವೆಗೂ ಗೋಡೆಗೂ ನಡುವೆ ರಬ್ಬರ್ ತುರುಕಿದಾಗ ನೀರು ಸುಮ್ಮನಾಯಿತು. ಅಜ್ಜಿ ಅದೇ ನೀರನ್ನು ಕುಡಿದು, “ಇವತ್ತು ಕಣ್ತುಂಬ ನಿದ್ದೆ ಮಾಡ್ತೀನಪ್ಪ” ಎಂದರು.

ದಾರಿಯುದ್ದಕ್ಕೂ ಭಾವ ಬೆರಳಿನಿಂದ ಕಿವಿ ತಿಕ್ಕುತ್ತಲೇ ಬಂದರು. ಆ ಕಿವಿಯಿಂದಲೇ ಊರಲ್ಲಿ ಹೆಸರು ಮಾಡಿದವರು. ಮನೆಗೆ ಬಂದವರೇ ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ಹೋಗಿ, ಲೋಟದಲ್ಲಿ ನೀರು ತುಂಬಿ ನಮ್ಮ ಹಳೇ ಫ್ರಿಜ್ಜಿನ ಮೇಲಿಟ್ಟರು. ನೀರು ಗಡಗಡ ನಡುಗಿತು.

“ಇದು ಯಾವಾಗಿಂದ ಗುಂಯ್ ಅಂತಿದೆ?” ಎಂದು ಅಕ್ಕನನ್ನು ಕೇಳಿದರು.

ಅಕ್ಕ ಕೈಯೊರೆಸಿಕೊಂಡು, “ಹೋದ ವರ್ಷದಿಂದ” ಎಂದಳು.

“ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ರೆ ನೀವು ಮತ್ತೆ ಬೇರೆಯವರ ಮನೇಲಿ ಕಣ್ಮುಚ್ಚಿ ನಿಲ್ತಿದ್ರಾ?”

ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು, ಅದು ಕೇಳಿಸುತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. ಭಾವ ಚೀಲದಿಂದ ಉಳಿದ ರಬ್ಬರ್ ತುಂಡು ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಸರಿಸಿ, ಅದರ ಕಾಲಡಿ ಇಟ್ಟರು. ಲೋಟದ ಕಡೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ಕೂತೇ ಅಕ್ಕನ ಮುಖ ನೋಡಿ, “ನಿಂತಿತಾ?” ಎಂದು ಕೇಳಿದರು.

ಇಷ್ಟು ವರ್ಷದಲ್ಲಿ ಭಾವ ಆ ಮಾತನ್ನು ಯಾರನ್ನೂ ಕೇಳಿದ್ದಿಲ್ಲ.