ಗೋಪುರದ ಹಿಂದಿನ ಗಂಟು

ಮುಂಬಯಿ ಗೋರೆಗಾಂವಿನ ಆ ಕೈಚೀಲದ ಅಂಗಡಿಯಲ್ಲಿ ತಂಗಿಯ ಪರವಾಗಿ ನಾನು ಬಾಯಿ ಬಿಡಲಿಲ್ಲ.

ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿದ್ದ ಗೋಪುರದ ಚಿತ್ತಾರವನ್ನು ತಂಗಿ ಕೈಚೀಲದ ಮುಚ್ಚಳಕ್ಕೆ ಹೊಂದುವಂತೆ ಬರೆದಿದ್ದಳು. ಎಳೆ ಎಣಿಸಿ ಕಸೂತಿ ಹಾಕುವುದು ನನ್ನ ಪಾಲು. ಕಸೂತಿಯಲ್ಲಿ ಗಂಟು ಇರಬಾರದು, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ಮುಚ್ಚಳ ತೆರೆದರೆ ಹಿಂಬದಿಯೂ ಕಾಣಲಿ ಎಂಬುದು ತಂಗಿಯ ಹಟ. ಇಂಥ ಚೀಲ ಕೊಳ್ಳುವವರಿಗೆ ಕಣ್ಣೆಲ್ಲಿದೆ ಎಂದುಕೊಂಡು ನಾನು ಗಂಟು ಹಾಕಿ ಬೇಗ ಮುಗಿಸಿದೆ.

ಗೋಪುರಕ್ಕೂ ಗುಡಿಸಲಿಗೂ ವ್ಯತ್ಯಾಸ ತಿಳಿಯದ ಅಂಗಡಿಯ ಒಡತಿ, ನಾವು ಮಾರಲು ಒಯ್ದ ಚೀಲದ ಮುಚ್ಚಳ ತೆರೆದು, ಬಣ್ಣದ ಉಗುರಿನಿಂದ ನೇರ ಆ ಗಂಟನ್ನೇ ಕೆದಕಿದಳು. "ಕಸೂತಿ ಅಂತೆ, ಡಿಸೈನರ್ ಅಂತೆ," ಎಂದು ಹಿಂದಿಯಲ್ಲಿ ನಕ್ಕು ಚೀಲವನ್ನು ತಂಗಿಯತ್ತ ತಳ್ಳಿದಳು. ತಂಗಿ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ, ಯಂತ್ರ ಹೊಲಿದ ಪರ್ಸುಗಳನ್ನು ನೋಡುತ್ತ ನಿಂತೆ. ಅವಳೇ ತಪ್ಪು ತನ್ನದೆಂದು ಒಪ್ಪಿಕೊಂಡು ಬಂದಳು.

ಆಮೇಲೆ ಹದಿನೈದು ದಿನ ಅವಳು ಪೆನ್ಸಿಲ್ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಕಾಂದಿವಲಿಯ ನಮ್ಮ ಕೋಣೆಯಲ್ಲಿ ಅವಳು ತನ್ನ ಚಿತ್ರಗಳನ್ನು ರದ್ದಿಗೆ ಕಟ್ಟುತ್ತಿದ್ದಾಗ ಅವಳ ಕೈ ಹಿಡಿದೆ.

"ಕಟ್ಟಬ್ಯಾಡ ತಂಗಿ. ಆ ಗಂಟು ನಾನು ಹಾಕಿದ್ದು. ಅಲ್ಲೇ ಹೇಳಬೇಕಿತ್ತು, ಹೇಡಿ ಹಂಗ ನಿಂತೆ. ತಪ್ಪಾತವ್ವಾ."