ಪೇಟಿ ಮಾಸ್ತರನ ಪಾಲು

ದೆವ್ವ, ಆತ್ಮ ಎಂಬ ಮಾತು ಬಂದರೆ ನಾನು ನಗುತ್ತಿದ್ದವನು. ಯಾರಾದರೂ ಅಂಥ ಕಥೆ ಶುರು ಮಾಡಿದರೆ, ನೀವು ಕಣ್ಣಾರೆ ಕಂಡಿರಾ ಎಂದು ಅಡ್ಡಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಇಂದಿಗೂ ನಾನು ಏನನ್ನೂ ಕಂಡಿಲ್ಲ. ಕೇಳಿದ್ದೇನೆ, ಅಷ್ಟೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಮಾತು. ಬಳ್ಳಾರಿ ಸೀಮೆಯ ಹಾಡುಗಾರರನ್ನು, ನಾಟಕದವರನ್ನು ರೇಡಿಯೊದಲ್ಲಿ ಪರಿಚಯಿಸುವ ಕೆಲಸ ನನ್ನದು. ಬಳ್ಳಾರಿಯಲ್ಲಿ ಆಗ ರೇಡಿಯೊ ಕೇಂದ್ರ ಇರಲಿಲ್ಲ. ಬ್ಯಾಟರಿ ಟೇಪ್ ರೆಕಾರ್ಡರನ್ನು ಹೆಗಲಿಗೇರಿಸಿಕೊಂಡು ಕುರುಗೋಡು, ಸಿರುಗುಪ್ಪ ಎಂದು ಬಸ್ಸಿನಲ್ಲಿ ಅಲೆಯುವುದು, ತುಂಬಿದ ಸುರುಳಿಗಳನ್ನು ರೈಲಿನಲ್ಲಿ ದೂರದ ಕೇಂದ್ರಕ್ಕೆ ಒಯ್ದು ಅಲ್ಲಿ ಕತ್ತರಿಸಿ ಜೋಡಿಸುವುದು. ಹೆಂಡತಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ದಿನವಿಡೀ ಜನರ ದನಿ ಕೇಳುವ ನನಗೆ ಸಂಜೆ ಆ ಬೀಗ ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ.

ಗಂಗಮ್ಮನವರ ಸುದ್ದಿ ಹೇಳಿದವರು ಕುರುಗೋಡಿನ ಭಜನೆಯವರು. ಹಿಂದೆ ನಾಟಕ ಕಂಪನಿಯಲ್ಲಿ ಹೆಸರು ಮಾಡಿದ ಹಾಡುಗಾರ್ತಿ, ಈಗ ಸಿರುಗುಪ್ಪದಲ್ಲಿ ಒಬ್ಬರೇ ಇದ್ದಾರೆ ಎಂದರು. ಅದೇ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ ಅವರ ಅಣ್ಣ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳಿದವರು. ಅಣ್ಣ ಸತ್ತ ಮೇಲೆ ತಂಗಿ ಹಾಡಿಗೆ ಬಾಯಿ ತೆರೆದಿರಲಿಲ್ಲ. ನಾನು ಹೋಗಿ ಹೋಗಿ ಬರಿಗೈಲಿ ಬಂದು, ಕೊನೆಗೆ ಒಪ್ಪಿಸಿದೆ. ಬೇರೆ ಪೇಟಿಯವರನ್ನು ಕರೆತರುತ್ತೇನೆಂದರೆ ಬೇಡವೆಂದರು. ಒಂದೇ ಒಂದು ಮಾತು ಕೇಳಿಕೊಂಡರು.

“ನಾ ನಡುನಡುವ ಸುಮ್ನಾಗ್ತೀನ್ರಿ. ಅದು ನಮ್ಮಣ್ಣನ ಪಾಲು. ಅದಕ್ಕ ಕತ್ರಿ ಹಾಕಬ್ಯಾಡ್ರಿ.”

ರಂಗಗೀತೆಯ ಪದ್ಧತಿಯೇ ಹಾಗೆ. ಹಾಡುವವರು ಒಂದು ನುಡಿ ಮುಗಿಸಿ ನಿಂತರೆ ಅದನ್ನೇ ಪೇಟಿ ಮರಳಿ ನುಡಿಯಬೇಕು. ಆ ಮಧ್ಯಾಹ್ನ ಗಂಗಮ್ಮ ಹಾಡಿದರು. ಪ್ರತಿ ನುಡಿ ಮುಗಿದಾಗ ಎಡಗಡೆಯ ಗೋಡೆಯತ್ತ ತಿರುಗಿ ಕಾದರು, ತಲೆದೂಗಿದರು, ಮತ್ತೆ ಎತ್ತಿಕೊಂಡರು. ಅಲ್ಲಿ ಪೇಟಿಯೂ ಇರಲಿಲ್ಲ, ಅದನ್ನು ಎಂದೋ ಯಾರಿಗೋ ಕೊಟ್ಟಿದ್ದರು. ಕೋಣೆಯಲ್ಲಿ ನಾವಿಬ್ಬರೇ. ನನಗೆ ಒಂದು ಸದ್ದೂ ಕೇಳಿಸಲಿಲ್ಲ. ಪಾಪ ಅನ್ನಿಸಿತು. ಆದರೆ ರೇಡಿಯೊದಲ್ಲಿ ಅಷ್ಟು ಹೊತ್ತು ಮೌನವಿದ್ದರೆ ಕೇಳುವವರು ಸೆಟ್ಟೇ ಕೆಟ್ಟಿತೆಂದು ತಿಳಿಯುತ್ತಾರೆ. ನೋಡೋಣಮ್ಮ ಎಂದಷ್ಟೇ ಹೇಳಿ ಬಂದೆ.

ಕೇಂದ್ರದಲ್ಲಿ ಬ್ಲೇಡು ಹಿಡಿದು ಕುಳಿತೆ. ಹೆಡ್‌ಫೋನ್ ಹಾಕಿಕೊಂಡು, ಮೊದಲ ನುಡಿ ಮುಗಿಯುವ ಜಾಗಕ್ಕೆ ಗುರುತು ಮಾಡಲು ಹೋದಾಗ ಪೇಟಿ ಕೇಳಿಸಿತು. ಎಲ್ಲೋ ದೂರದಿಂದಲ್ಲ, ಪಕ್ಕದಲ್ಲೇ ಕುಳಿತು ನುಡಿಸಿದ ಹಾಗೆ. ಸುರುಳಿಯಲ್ಲಿ ಹಳೆಯದೇನೋ ಅಳಿಸದೆ ಉಳಿದಿರಬೇಕು ಎಂದುಕೊಂಡೆ. ಆದರೆ ಅದು ಹೊಸ ಸುರುಳಿ, ಪೊಟ್ಟಣ ಒಡೆದವನು ನಾನೇ. ಎರಡನೆಯ ನುಡಿಯಾದ ಮೇಲೆ ಪೇಟಿಯವನು ಒಂದು ಸ್ವರ ತಪ್ಪಿದ, ಕೂಡಲೇ ತಿದ್ದಿಕೊಂಡ. ಸುರುಳಿಯನ್ನು ಮೊದಲಿಗೆ ಸುತ್ತಿದೆ. ಪಕ್ಕದ ಮೇಜಿನ ಗೆಳೆಯನಿಗೆ ಏನೂ ಹೇಳದೆ ಹೆಡ್‌ಫೋನ್ ಕೊಟ್ಟೆ. ಅವನು ಪೂರ್ತಿ ಕೇಳಿ, ಹಾಡು ಚೆನ್ನಾಗಿದೆ, ನಡುವೆ ಖಾಲಿ ಬಹಳ, ತೆಗೆದುಬಿಡು ಎಂದ.

ನಾನು ತೆಗೆಯಲಿಲ್ಲ. ನನ್ನ ಪೀಠಿಕೆಯನ್ನೇ ಕತ್ತರಿಸಿ ಸಮಯ ಹೊಂದಿಸಿದೆ. ಪ್ರಸಾರವಾದ ಮೇಲೆ ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡೆ. ಅವರಿಗೂ ಕೇಳಿಸಿದ್ದು ಬರೀ ಮೌನ. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ, ಹೆಂಡತಿ ಹೋದ ಮೇಲೆ ಇವನ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನನಗೂ ಅದೇ ಭಯವಿತ್ತು.

ಮುಂದೆ ಸಿರುಗುಪ್ಪಕ್ಕೆ ಹೋದಾಗ ಗಂಗಮ್ಮ ಚಹಾ ಕೊಟ್ಟು ಎದುರು ಕುಳಿತರು. ಪಕ್ಕದ ಮನೆಯ ರೇಡಿಯೊದಲ್ಲಿ ಕೇಳಿದೆ ಎಂದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು:

“ಎರಡನೇ ನುಡಿ ಆದಮ್ಯಾಲ ನಮ್ಮಣ್ಣ ತಪ್ಪಿದ್ದು ನಿಮಗ ಕೇಳಿಸ್ತೇನ್ರಿ?”

ಕೇಳಿಸಿತು, ತಪ್ಪಿ ತಿದ್ದಿಕೊಂಡರು ಎಂದೆ. ಅವರು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು.

“ನನಗೊಬ್ಬಾಕಿಗೇ ಕೇಳ್ತೈತಿ, ಹುಚ್ಚು ಹಿಡದೈತಿ ಅಂತ ಮಾಡಿದ್ನಿರಿ,” ಎಂದರು.

ಆ ಸುರುಳಿಯನ್ನು ಆಗಿನ ರೂಢಿಯಂತೆ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿಬಿಟ್ಟರು. ಈಗ ಗಂಗಮ್ಮನೂ ಇಲ್ಲ. ಸಾಕ್ಷಿಗೆ ನಾನೊಬ್ಬನೇ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಆವತ್ತು ಸಿರುಗುಪ್ಪದಿಂದ ಕೋಣೆಗೆ ಬಂದವನೇ ಹೊಸ ಸುರುಳಿಯೊಂದನ್ನು ಯಂತ್ರಕ್ಕೆ ಹಾಕಿದೆ. ‘ಬಂದೆ’ ಎಂದು ಹೇಳಿ, ನನ್ನ ಹೆಂಡತಿ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದೆ. ಮತ್ತೆ ಏನೋ ಹೇಳಿದೆ, ಮತ್ತೆ ಸುಮ್ಮನಾದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನ್ನ ದನಿ ಇತ್ತು. ರಸ್ತೆಯಲ್ಲಿ ಹೋದ ಟಾಂಗಾದ ಸದ್ದಿತ್ತು. ಯಾರದೋ ಅಣ್ಣ ಅಷ್ಟು ಸ್ಪಷ್ಟವಾಗಿ ಕೇಳಿಸಿದ ನನಗೆ ನನ್ನವಳೇಕೆ ಕೇಳಿಸಲಿಲ್ಲವೋ, ಇವತ್ತಿಗೂ ತಿಳಿದಿಲ್ಲ.