ಕಾಕಾ ಹೂಂ ಅನ್ನದ ಶುಕ್ರವಾರ

ನಮ್ಮ ಕಾಕಾನ ಕುದುರೆಯನ್ನು ನಾನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಅದು ಇದ್ದದ್ದು ಬೆಂಗಳೂರಿನಲ್ಲಿ, ನಾವಿದ್ದದ್ದು ಮುರ್ಮುಗಾಂವ್ ಬಂದರಿನ ಮೇಲಿನ ಗುಡ್ಡದಲ್ಲಿ. ಆದರೂ ಅದು ನಮ್ಮ ಮನೆಯಲ್ಲೇ ಓಡಾಡುತ್ತಿತ್ತು. ಸಂಜೆ ಅದಿರಿನ ರೈಲು ಗಡಗಡ ಹೋಗುವಾಗ ಕಾಕಾ ಕಣ್ಣು ಮುಚ್ಚಿ, "ಕೇಳು, ಬಂದ್ಲು" ಅನ್ನುತ್ತಿದ್ದರು. ಕೆಳಗೆ ಕೆಂಪು ಧೂಳು ಏಳುತ್ತಿತ್ತು, ದೂರದಲ್ಲಿ ಹಡಗುಗಳು ಸರತಿಗಾಗಿ ನಿಂತಿರುತ್ತಿದ್ದವು. ನನಗೂ ಗೊರಸಿನ ಸದ್ದು ಕೇಳಿದಂತಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಧಾರವಾಡದ ಮೂವರು ಗೆಳೆಯರ ಜೊತೆ ಸೇರಿ ಕಾಕಾ ಆ ಹೆಣ್ಣುಮರಿಯನ್ನು ಕೊಂಡಿದ್ದರು. ಕೊಂಡ ವರ್ಷವೇ ಅದನ್ನು ಮುಂದೆ ಬರಲಿದ್ದ ದೊಡ್ಡ ಓಟಕ್ಕೆ ನಮೂದಿಸಿದರು. ಆ ಓಟ ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ. ಒಂದು ಜೀವಕ್ಕೆ ಒಂದೇ ಸಲ. ಮರಿಗೆ ಇನ್ನೂ ಹೆಸರೇ ಇರಲಿಲ್ಲ. ಇಂಥ ತಂದೆ, ಇಂಥ ತಾಯಿಯ ಹೆಣ್ಣುಮರಿ ಅಂತಲೇ ಬರೆಸಿದ್ದರು. ಆಮೇಲೆ ಹಂತಹಂತಕ್ಕೂ ಕೇಳುತ್ತಾರೆ, ಇಡುತ್ತೀರೋ ತೆಗೆಯುತ್ತೀರೋ ಎಂದು. ಪ್ರತಿ ಸಲವೂ ಒಂದಷ್ಟು ಕುದುರೆಗಳು ಉದುರುತ್ತವೆ. ಕೊನೆಗೆ ಓಟದ ವಾರ ಖಚಿತವಾಗಿ ಹೂಂ ಅನ್ನಬೇಕು.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಯಾರ ನೋಡು ನಿಮ್ಮ ಕಾಕಾ!" ಎಂದು ಕಾಕು ನನ್ನ ಮುಂದೆ ನಗುತ್ತಿದ್ದಳು. "ನಾಲ್ಕು ಮಂದಿಗೆ ಒಂದು ಕುದುರಿ. ನಮ್ಮ ಪಾಲಿಗೆ ಬಾಲ ಬಂದೈತೋ ಏನೋ!"

ಕಾಕಾ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ರವಿವಾರ ನೀರು ಇಳಿದಾಗ ದಂಡೆಗೆ ಹೋಗಿ, ಒದ್ದೆ ಉಸುಕಿನ ಮೇಲೆ ಕೋಲಿನಿಂದ ಓಟದ ದಾರಿಯ ದೊಡ್ಡ ತಿರುವೊಂದನ್ನು ಎಳೆದು, "ಇಲ್ಲಿ ತಿರುಗತಾಳ, ಇಲ್ಲಿಂದ ಬಿಡ್ತಾಳ" ಎಂದು ತೋರಿಸುತ್ತಿದ್ದರು. ಅಲೆ ಬಂದು ಅಳಿಸಿದರೆ ಮತ್ತೆ ಎಳೆಯುತ್ತಿದ್ದರು.

ಹೀಗೇ ಅದು ಎಲ್ಲ ಹಂತ ದಾಟಿಬಿಟ್ಟಿತು. ಆ ಕೊನೆಯ ಶುಕ್ರವಾರ, ದಾಬೋಲಿಮ್ ವಿಮಾನ ನಿಲ್ದಾಣದಲ್ಲಿ ನನಗೆ ಎರಡನೇ ಪಾಳಿ ಇದ್ದುದರಿಂದ, ನಾನು ಮನೆಯಲ್ಲೇ ಇದ್ದೆ. ಹತ್ತೂವರೆ ದಾಟಿತ್ತು. ಕುದುರೆ ತರಬೇತುದಾರನ ಫೋನು ಬಂತು. ಅವನ ದನಿ ಪಕ್ಕದಲ್ಲಿದ್ದ ನನಗೂ ಕೇಳುವಂಥದ್ದು. "ಬೆಳಿಗ್ಗೆ ಚೆನ್ನಾಗೇ ಓಡಿದ್ಲು ಸಾರ್. ಆದ್ರೆ ಗಂಡು ಕುದುರೆಗಳ ಮಧ್ಯೆ ಕಷ್ಟ. ನೀವು ಹೂಂ ಅಂದ್ರೆ ಓಡಿಸ್ತೀನಿ. ಹನ್ನೊಂದರೊಳಗೆ ಹೇಳ್ಬಿಡಿ, ಇಲ್ಲಾಂದ್ರೆ ಓಟದಿಂದ ತೆಗೆದುಬಿಡ್ತೀನಿ."

ಕಾಕಾ ಬಾಯಿ ತೆರೆದರು. ಅಷ್ಟರಲ್ಲಿ, ಹನ್ನೊಂದರ ಮಾತು ಕೇಳಿಸಿರದ ಕಾಕು ಅಡುಗೆಮನೆಯಿಂದ ಓಡಿಬಂದು ರಿಸೀವರಿನ ಮೇಲೆ ಕೈ ಇಟ್ಟಳು.

"ಈಗ ಬ್ಯಾಡ್ರಿ, ರಾಹುಕಾಲ ಐತಿ. ಹನ್ನೆರಡಕ್ಕ ಹೇಳ್ರಿ. ನಮ್ಮ ಹುಡುಗಿ ಗೆಲ್ಲಬೇಕು."

ನಮ್ಮ ಹುಡುಗಿ! ಇಷ್ಟು ವರ್ಷ ಬಾಲ, ಬಾಲ ಎಂದು ಕಾಡಿದವಳು! ರಾಹುಕಾಲವೆಂದರೆ ಗಹಗಹಿಸಿ ನಗುವ ಕಾಕಾ ಅವಳ ಮುಖವನ್ನೇ ನೋಡುತ್ತ ನಿಂತರು. "ಆಮ್ಯಾಲೆ ಹೇಳ್ತೇನಿ" ಎಂದು ಫೋನಿಟ್ಟರು.

ನನ್ನ ಮೈಯೆಲ್ಲ ಉರಿಯಿತು. ಕಾಕು ದೇವರ ಕೋಣೆಗೆ ಹೋದೊಡನೆ, "ಕಾಕಾ, ಹನ್ನೊಂದಕ್ಕ ಮುಗೀತದರಿ!" ಎಂದೆ.

"ಏ, ಒಂದು ತಾಸು ಕಾಯ್ತಾರ ತಗೋ" ಎಂದರು. ಹಡಗುಗಳೇ ಕಾಯುವ ಬಂದರಿನಲ್ಲಿ ಆಯುಷ್ಯ ಕಳೆದವರು. ಓಟವೂ ಕಾದೀತು ಎಂದುಕೊಂಡರೇನೋ.

ಹನ್ನೆರಡು ಹೊಡೆದ ಕೂಡಲೇ ಕಾಕಾ ಫೋನು ಹಚ್ಚಿದರು. "ಆಗೋಯ್ತಲ್ಲ ಸಾರ್, ಹೊತ್ತು ಮುಗೀತು" ಅಂತು ಆ ದನಿ. ಕಾಕಾ ಮೆಲ್ಲಗೆ ರಿಸೀವರ್ ಇಟ್ಟರು. ನನಗೆ ಅಳುವೇ ಬಂತು. ಕಾಕು ಅಂಗೈಯಲ್ಲಿ ಸಕ್ಕರೆ ಹಿಡಿದು ಬಂದಳು.

"ಹೇಳಿದ್ರಿಲ್ಲೋ?"

"ಹೇಳಾಕಂತನ ಹಚ್ಚಿದ್ದೆ. ಅದಕ್ಕ ಈಗಷ್ಟ ಜ್ವರ ಬಂದೈತಂತ. ನಾನ ಬ್ಯಾಡ ಅಂದೆ."

"ಅಯ್ಯ, ನನ್ನವ್ವ!" ಎಂದಳು ಕಾಕು. ಆ ಸಂಜೆ ಕುದುರೆಯ ಜ್ವರ ಇಳಿಯಲೆಂದು ದೀಪ ಹಚ್ಚಿ, ತೆಂಗಿನಕಾಯಿ ಹರಸಿಕೊಂಡಳು. ಓಟದ ದಿನ ಕಾಕಾ ಒಬ್ಬರೇ ದಂಡೆಗೆ ಹೋದರು. ಅಂದು ಕೋಲನ್ನು ಒಯ್ಯಲಿಲ್ಲ.

ಮುಂದೆ ಎಷ್ಟೋ ವರ್ಷ, ಅದಿರಿನ ರೈಲು ಹೋದಾಗಲೆಲ್ಲ ಕಾಕು ಒಳಗಿನಿಂದಲೇ ಅನ್ನುತ್ತಿದ್ದಳು: "ಆವತ್ತ ಜ್ವರ ಬರದಿದ್ರ ನಮ್ಮ ಹುಡುಗಿ ಗೆದ್ದ ಗೆಲ್ಲತಿದ್ಲು. ಗಳಿಗಿಯಂತೂ ನಾವು ಚಲೋದ ನೋಡಿದ್ವಿ."

"ಹೌದು ನೋಡು" ಅನ್ನುತ್ತಿದ್ದರು ಕಾಕಾ, ಕಣ್ಣು ಮುಚ್ಚಿಕೊಂಡೇ.